ತಡವಾಗಿ ಬಂದವರು ಯಾರು?



2024ರ ಜುಲೈ 1ರಂದು ದೇಶದ ಕಾನೂನು ವಿದ್ಯಾರ್ಥಿಗಳ ಚೀಲದ ತೂಕ ಒಮ್ಮೆಗೇ ಹೆಚ್ಚಾಯಿತು. ಅಂದು ಭಾರತೀಯ ದಂಡ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆ ಮತ್ತು ಸಾಕ್ಷ್ಯ ಕಾಯ್ದೆ ಹಿಂದೆ ಸರಿದವು. ಅವುಗಳ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮ ಬಂದವು. ಹಿಂದಿನ ಅಪರಾಧಗಳಿಗೆ ಹಳೆಯ ದಂಡ ಸಂಹಿತೆ, ಮುಂದಿನವುಗಳಿಗೆ ಹೊಸದು. ಆದ್ದರಿಂದ ತುಮಕೂರಿನ ಕಾನೂನು ಕಾಲೇಜಿನ ಹುಡುಗನೂ ಹುಡುಗಿಯೂ ಕೆಲವು ವರ್ಷ ಎರಡನ್ನೂ ಓದಲೇಬೇಕು. ಕೊಲೆಗೆ 302 ಎಂದು ಸಿನಿಮಾ ನೋಡಿಯೇ ಕಲಿತಿದ್ದ ಜನ ಇನ್ನು 103 ಎನ್ನಬೇಕು. ಮೋಸಗಾರನನ್ನು ‘ಫೋರ್ ಟ್ವೆಂಟಿ’ ಎಂದು ಬೈಯುವ ರೂಢಿಯಂತೂ 318 ಆಗಲು ಒಪ್ಪುವಂತೆ ಕಾಣುವುದಿಲ್ಲ.

ಬ್ರಿಟಿಷರು ಬಿಟ್ಟುಹೋದ ಗುಲಾಮಗಿರಿಯ ಗುರುತನ್ನು ಅಳಿಸುವುದೇ ಈ ಬದಲಾವಣೆಯ ಉದ್ದೇಶ ಎಂದು ಕೇಂದ್ರ ಸರ್ಕಾರ ಹೇಳಿತು. ಹೊಸ ಸಂಹಿತೆಗಳಲ್ಲಿ ಹೊಸ ಸಂಗತಿಗಳು ಇಲ್ಲವೆಂದಲ್ಲ. ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆಯ ಶಿಕ್ಷೆ ಬಂದಿದೆ, ವಿದ್ಯುನ್ಮಾನ ದಾಖಲೆಗಳಿಗೆ ಹೆಚ್ಚು ಜಾಗ ಸಿಕ್ಕಿದೆ. ಆದರೆ ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ಓದಿದವರಿಗೆ ಬಹುಪಾಲು ಕಲಮುಗಳು ಹಳೆಯ ಮಾತುಗಳಲ್ಲೇ ಇರುವುದು ಕಾಣುತ್ತದೆ. ಸಂಖ್ಯೆ ಬದಲಾಗಿದೆ, ಹೆಸರು ಬದಲಾಗಿದೆ. ಹಾಗಾದರೆ ಕಾನೂನು ಶಿಕ್ಷಣ ವಸಾಹತುಶಾಹಿಯಿಂದ ಬಿಡಿಸಿಕೊಳ್ಳುವುದು ಎಂದರೇನು? ಪುಸ್ತಕದ ರಟ್ಟು ಬದಲಿಸುವುದೋ, ಪಾಠ ಹೇಳುವ ರೀತಿ ಬದಲಿಸುವುದೋ?

ಇದಕ್ಕೆ ಉತ್ತರ ಹುಡುಕಲು ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ಎಂಬ ಇಂಗ್ಲಿಷ್ ವಕೀಲರಿಂದ ಆರಂಭಿಸಬಹುದು. 1869ರ ಕೊನೆಯಿಂದ 1872ರವರೆಗೆ ಅವರು ವೈಸರಾಯ್ ಪರಿಷತ್ತಿನ ಕಾನೂನು ಸದಸ್ಯರಾಗಿದ್ದರು. 1872ರ ಸಾಕ್ಷ್ಯ ಕಾಯ್ದೆ ಅವರದೇ ಕೃತಿ. ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಈ ದೇಶದ ವಕೀಲರು ಕಲಿತದ್ದು ಅದನ್ನೇ. ಕೆಲಸ ಅಚ್ಚುಕಟ್ಟಾದದ್ದು ಎಂಬುದರಲ್ಲಿ ಎರಡು ಮಾತಿಲ್ಲ. ಆರೋಪಿಯ ನಡತೆ ಕೆಟ್ಟದ್ದೆಂಬ ಮಾತ್ರಕ್ಕೆ ಅವನೇ ಅಪರಾಧ ಮಾಡಿದನೆಂದು ತಿಳಿಯಬಾರದು ಎಂಬ ಉದಾತ್ತ ತತ್ತ್ವ ಅದರಲ್ಲಿದೆ. ಇದನ್ನು ಪ್ರತಿ ಕಾಲೇಜಿನಲ್ಲೂ ಹೇಳಿಕೊಡುತ್ತಾರೆ.

ಹೇಳಿಕೊಡದಿರುವುದು ಇನ್ನೊಂದನ್ನು. ಸ್ಟೀಫನ್ ಕಾನೂನು ಸದಸ್ಯರಾಗಿದ್ದಾಗಲೇ, ಸಾಕ್ಷ್ಯ ಕಾಯ್ದೆಗೆ ಒಂದು ವರ್ಷ ಮೊದಲು, 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ಅಂಗೀಕಾರವಾಯಿತು. ಒಂದು ಬುಡಕಟ್ಟನ್ನು ಅಪರಾಧಿಗಳ ಗುಂಪೆಂದು ಸರ್ಕಾರ ಪ್ರಕಟಿಸಿದರೆ ಸಾಕು, ಆ ಪ್ರಕಟಣೆಯೇ ‘ನಿಶ್ಚಾಯಕ ರುಜುವಾತು’. ಅದನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿರಲಿಲ್ಲ. ಪಟ್ಟಿಗೆ ಸೇರಿದ ಜನ ಪೊಲೀಸರ ಬಳಿ ಹೆಸರು ನೋಂದಾಯಿಸಬೇಕು, ಹಾಜರಿ ಕೊಡಬೇಕು, ಅಪ್ಪಣೆ ಚೀಟಿಯಿಲ್ಲದೆ ಊರು ಬಿಡಬಾರದು. ಒಬ್ಬ ಆರೋಪಿಯ ಕೆಟ್ಟ ನಡತೆಯೂ ಸಾಕ್ಷ್ಯವಲ್ಲ ಎಂದ ಅದೇ ಕಚೇರಿ, ಒಂದು ಕುಲದಲ್ಲಿ ಹುಟ್ಟಿದ್ದನ್ನೇ ಅಲುಗಾಡದ ಸಾಕ್ಷ್ಯ ಎಂದಿತು. ಎರಡು ಕಾಯ್ದೆಗಳನ್ನು ಒಂದೇ ತರಗತಿಯಲ್ಲಿ, ಒಂದೇ ಗಂಟೆಯಲ್ಲಿ ಓದಿಸಿದರೆ ವಿದ್ಯಾರ್ಥಿಗೆ ತಿಳಿಯುವುದೇ ಬೇರೆ. ಒಂದನ್ನು ಮಾತ್ರ ಓದಿಸಿದರೆ ಬ್ರಿಟಿಷರು ಈ ದೇಶಕ್ಕೆ ಕಾನೂನಿನ ಆಳ್ವಿಕೆ ತಂದರು ಎಂಬ ನಂಬಿಕೆ ಉಳಿಯುತ್ತದೆ. ಅದು ಪೂರ್ತಿ ಸುಳ್ಳಲ್ಲ. ಅರ್ಧ ಮಾತ್ರ ನಿಜ.

ಆ ಕಾಯ್ದೆ 1911ರಲ್ಲಿ ಬ್ರಿಟಿಷ್ ಭಾರತದ ಉದ್ದಗಲಕ್ಕೂ ಹರಡಿತು. ಮುಂಬೈ ಪ್ರಾಂತ್ಯದಲ್ಲಿದ್ದ ಕನ್ನಡ ಜಿಲ್ಲೆಗಳಲ್ಲಿ, ಹುಬ್ಬಳ್ಳಿ, ಗದಗ-ಬೆಟಗೇರಿ, ವಿಜಾಪುರಗಳಲ್ಲಿ, ಈ ಜನರನ್ನು ಕೂಡಿಹಾಕುವ ಸೆಟ್ಲಮೆಂಟುಗಳಿದ್ದವು. ಹುಬ್ಬಳ್ಳಿಯಲ್ಲಿ ಆ ಬಡಾವಣೆಯನ್ನು ಜನ ಇಂದಿಗೂ ಸೆಟ್ಲಮೆಂಟ್ ಎಂದೇ ಕರೆಯುತ್ತಾರೆ. ಸ್ವತಂತ್ರ ಭಾರತ 1952ರ ಆಗಸ್ಟ್ 31ರಂದು ಕಾಯ್ದೆಯನ್ನು ರದ್ದು ಮಾಡಿತು. ಆದರೆ ‘ಗಂಟಿಚೋರ’ ಎಂಬ ಹೆಸರು ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಹಾಗೆಯೇ ಉಳಿಯಿತು. ಮೀಸಲಾತಿಯ ಹಕ್ಕು ಕೇಳಬೇಕಾದರೂ ಕಳ್ಳನೆಂಬ ಹೆಸರಿನಲ್ಲೇ ಅರ್ಜಿ ಹಾಕಬೇಕಾದ ಸ್ಥಿತಿ ಅದು.

ಇದೆಲ್ಲ ಹಳೆಯ ಕತೆ ಎನ್ನುವವರು 2024ರ ಅಕ್ಟೋಬರ್ 3ರ ಸುಪ್ರೀಂ ಕೋರ್ಟ್ ತೀರ್ಪನ್ನು ನೋಡಬೇಕು. ಪತ್ರಕರ್ತೆ ಸುಕನ್ಯಾ ಶಾಂತಾ ಹಾಕಿದ ಅರ್ಜಿ ಅದು. ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಅಡುಗೆ ಯಾವ ಜಾತಿಯವರಿಗೆ, ಕಸ ಗುಡಿಸುವುದು ಯಾವ ಜಾತಿಯವರಿಗೆ ಎಂಬ ನಿಯಮಗಳು ಅಚ್ಚಾಗಿಯೇ ಇದ್ದವು. ಹಿಂದೆ ಅಪರಾಧಿ ಬುಡಕಟ್ಟೆನಿಸಿಕೊಂಡವರನ್ನು ರೂಢಿಗತ ಅಪರಾಧಿಗಳೆಂದು ಕಾಣುವ ಮಾತುಗಳೂ ಇದ್ದವು. ಕೋರ್ಟು ಅವನ್ನೆಲ್ಲ ಅಸಾಂವಿಧಾನಿಕ ಎಂದು ಹೊಡೆದುಹಾಕಿತು, ಕೈದಿಗಳ ದಾಖಲೆ ಪುಸ್ತಕದಿಂದ ಜಾತಿಯ ಅಂಕಣವನ್ನು ತೆಗೆಸಿತು. ಸಂವಿಧಾನ ಬಂದು 74 ವರ್ಷ ಆಗಿತ್ತು. ಅಷ್ಟು ಕಾಲ ಆ ಕೈಪಿಡಿಗಳನ್ನು ಓದಿದ ಅಧಿಕಾರಿಗಳಲ್ಲಿ, ವಕೀಲರಲ್ಲಿ ಕಾನೂನು ಪದವೀಧರರು ಇರಲಿಲ್ಲವೆ? ಇದ್ದರು. ಅವರಿಗೆ ಅದು ಕಣ್ಣಿಗೆ ಚುಚ್ಚಲಿಲ್ಲ. ಕಾನೂನು ಶಿಕ್ಷಣದ ಬಗ್ಗೆ ಕೇಳಬೇಕಾದ ಪ್ರಶ್ನೆ ಇದೇ.

ಹೊರ ಜಗತ್ತಿನಲ್ಲಿ ಈ ಪ್ರಶ್ನೆ ಜನಾಂಗಭೇದದ ಹೆಸರಿನಲ್ಲಿ ಎದ್ದಿತು. ಅಮೆರಿಕದ ಹಾರ್ವರ್ಡ್ ಕಾನೂನು ಶಾಲೆಯಲ್ಲಿ 1971ರಲ್ಲಿ ಕಾಯಂ ಪ್ರಾಧ್ಯಾಪಕರಾದ ಮೊದಲ ಕಪ್ಪು ಜನಾಂಗದ ವಿದ್ವಾಂಸ ಡೆರಿಕ್ ಬೆಲ್. ಕಾನೂನು ಬಣ್ಣ ನೋಡುವುದಿಲ್ಲ ಎಂಬ ಮಾತನ್ನೇ ಅವರು ಪರೀಕ್ಷೆಗೆ ಒಡ್ಡಿದರು. ಅಲ್ಲಿ ಕಪ್ಪು ಮಹಿಳೆಯೊಬ್ಬರನ್ನೂ ಕಾಯಂ ಪ್ರಾಧ್ಯಾಪಕಿಯಾಗಿ ನೇಮಿಸದ್ದನ್ನು ಪ್ರತಿಭಟಿಸಿ 1990ರಲ್ಲಿ ಪಾಠ ನಿಲ್ಲಿಸಿ ಹೊರನಡೆದರು. ದಕ್ಷಿಣ ಆಫ್ರಿಕದ ಕೇಪ್ ಟೌನ್ ವಿಶ್ವವಿದ್ಯಾಲಯದಲ್ಲಿ 2015ರ ಮಾರ್ಚಿನಲ್ಲಿ ವಿದ್ಯಾರ್ಥಿಗಳು ಸೆಸಿಲ್ ರೋಡ್ಸ್ ಪ್ರತಿಮೆಯ ವಿರುದ್ಧ ಎದ್ದರು. ಏಪ್ರಿಲ್ 9ರಂದು ಪ್ರತಿಮೆ ಕೆಳಗಿಳಿಯಿತು. ಅಲ್ಲಿಂದ ಮುಂದೆ ಚರ್ಚೆ ಪ್ರತಿಮೆಯಿಂದ ಪಠ್ಯಕ್ಕೆ ತಿರುಗಿತು. ಯಾರ ಪುಸ್ತಕ, ಯಾರ ಅನುಭವ, ಯಾರ ಭಾಷೆ ಎಂದು ಕೇಳುವುದು ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೂ ಹರಡಿತು.

ಇಲ್ಲಿ ಬಿಳಿಯ-ಕರಿಯ ಎಂಬುದಿಲ್ಲ, ನಮಗೇಕೆ ಅದು ಎಂದು ಕೇಳುವವರುಂಟು. ಉತ್ತರ ಕನ್ನಡದ ಸಿದ್ದಿಗಳನ್ನು, 2016ರಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಗುಂಪಿನ ಕೈಗೆ ಸಿಕ್ಕ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ನೆನೆದರೆ ಆ ಮಾತು ಅರ್ಧಕ್ಕೇ ನಿಲ್ಲುತ್ತದೆ. ಅದಿರಲಿ, ಜಾತಿಗೂ ಜನಾಂಗಭೇದಕ್ಕೂ ಇರುವ ನಂಟನ್ನು ಕಂಡವರಲ್ಲಿ ಮುಖ್ಯರು ಸ್ವತಃ ಕಾನೂನು ಮೇಷ್ಟರು. ಡಾ. ಬಿ.ಆರ್. ಅಂಬೇಡ್ಕರ್ ಮುಂಬೈನ ಸರ್ಕಾರಿ ಕಾನೂನು ಕಾಲೇಜಿನಲ್ಲಿ ಪಾಠ ಹೇಳಿದವರು, 1935ರಲ್ಲಿ ಅಲ್ಲಿಯ ಪ್ರಾಂಶುಪಾಲರಾದವರು. ಅಮೆರಿಕದ ಕಪ್ಪು ಜನ ತಮ್ಮ ಹಕ್ಕಿಗಾಗಿ ವಿಶ್ವಸಂಸ್ಥೆಗೆ ಮನವಿ ಸಲ್ಲಿಸುತ್ತಿರುವುದನ್ನು ತಿಳಿದು, 1946ರಲ್ಲಿ ಅವರು ಕಪ್ಪು ಜನರ ಧುರೀಣ ಡು ಬೋಯಿಸ್ ಅವರಿಗೆ ಕಾಗದ ಬರೆದು ಆ ಮನವಿಯ ಪ್ರತಿ ಕೇಳಿದ್ದರು. ಈಗ ಕಾಲ ತಿರುಗಿದೆ. ಕ್ಯಾಲಿಫೋರ್ನಿಯಾ ರಾಜ್ಯ ವಿಶ್ವವಿದ್ಯಾಲಯ 2022ರ ಜನವರಿಯಲ್ಲಿ ತನ್ನ ತಾರತಮ್ಯ ವಿರೋಧಿ ನೀತಿಯಲ್ಲಿ ಜಾತಿಯನ್ನೂ ಸೇರಿಸಿತು.

ಇಲ್ಲಿ ಒಂದು ಅಪಾಯವೂ ಇದೆ. ಇಂಗ್ಲಿಷರ ಕಾನೂನು ಬೇಡವೆಂದರೆ ನಮ್ಮ ಹಿಂದಿನ ಪಂಚಾಯ್ತಿ ನ್ಯಾಯವೇ ಸರಿ ಎಂದು ಕೆಲವರು ಹಾರಿಬಿಡುತ್ತಾರೆ. ತುಮಕೂರಿನವರು ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸಬೇಕು. 1831ರಿಂದ 1881ರವರೆಗೆ ಮೈಸೂರು ನೇರ ಬ್ರಿಟಿಷ್ ಆಡಳಿತದಲ್ಲಿತ್ತು. ಡಾಬಸ್‌ಪೇಟೆಗೆ ಹೆಸರು ಕೊಟ್ಟ ಡಾಬ್ಸ್ ತುಮಕೂರಿನಲ್ಲಿ ನೆಲೆಸಿ ಚಿತ್ರದುರ್ಗ ವಿಭಾಗವನ್ನು ಆಳಿದ್ದು ಆ ಕಾಲದಲ್ಲೇ. ಕಮಿಷನರ್ ಕಬ್ಬನ್ ಅವರ ವ್ಯವಸ್ಥೆ ಪಂಚಾಯ್ತಿಯನ್ನು ಕಿತ್ತೊಗೆಯಲಿಲ್ಲ, ವ್ಯಾಜ್ಯ ತೀರ್ಮಾನಕ್ಕೆ ಅದನ್ನೇ ಬಳಸಿಕೊಂಡಿತು. ಹಾಗೆಂದು ಚಾವಡಿಯ ಜಗಲಿಯ ಮೇಲೆ ಕುಳಿತವರು ಯಾರು, ಕೆಳಗೆ ಕೈಕಟ್ಟಿ ನಿಂತವರು ಯಾರು ಎಂಬುದನ್ನು ಮರೆಯಲಾಗದು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಹಳ್ಳಿಯ ವೈಭವೀಕರಣವನ್ನು ಕಟುವಾಗಿ ತಳ್ಳಿಹಾಕಿದ್ದು ಈ ಅನುಭವದಿಂದಲೇ. ಪರದೇಶಿ ಕಾನೂನನ್ನು ಪ್ರಶ್ನಿಸುವುದು ದೇಶಿ ಅನ್ಯಾಯಕ್ಕೆ ಹೊದಿಕೆಯಾಗಬಾರದು.

ಹಾಗಾದರೆ ದಾರಿ ಯಾವುದು? ಕಾನೂನಿನ ಪ್ರತಿ ಸೂತ್ರವನ್ನೂ ಅದು ಯಾರ ಮೇಲೆ ಬಿತ್ತೋ ಅವರ ಕಡೆಯಿಂದ ಓದಿಸುವುದು. ಇದಕ್ಕೆ ಹಾರ್ವರ್ಡಿಗೋ ಕೇಪ್ ಟೌನಿಗೋ ಹೋಗಬೇಕಿಲ್ಲ.

ಮೊದಲು ಎಲ್ಲರಿಗೂ ಗೊತ್ತಿರುವ ಉದಾಹರಣೆ. ಮೀಸಲಾತಿ ಶೇಕಡ 50 ಮೀರಬಾರದು ಎಂಬ ಸೂತ್ರ ಹುಟ್ಟಿದ್ದು ಮೈಸೂರಿನ ಪ್ರಕರಣದಲ್ಲಿ. ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇಕಡ 68 ಸ್ಥಾನಗಳನ್ನು ಮೀಸಲಿಟ್ಟ 1962ರ ಜುಲೈ ಆಜ್ಞೆಯನ್ನು ಸುಪ್ರೀಂ ಕೋರ್ಟ್ ಬಾಲಾಜಿ ಪ್ರಕರಣದಲ್ಲಿ ಅದೇ ಸೆಪ್ಟೆಂಬರಿನಲ್ಲಿ ರದ್ದು ಮಾಡಿತು. ಕಾನೂನು ವಿದ್ಯಾರ್ಥಿ ತೀರ್ಪನ್ನು ಓದುತ್ತಾನೆ, ಶೇಕಡ 50 ಎಂದು ಅಡಿಗೆರೆ ಎಳೆಯುತ್ತಾನೆ. ಆದರೆ ಅದೇ ಮೈಸೂರಿನಲ್ಲಿ 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದ್ದನ್ನು ಓದುವುದಿಲ್ಲ. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಕನಿಷ್ಠ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕೆಂದು ಸಮಿತಿ ಹೇಳಿತು. ಇಂಥ ಮೀಸಲಾತಿಯನ್ನು ಒಪ್ಪದ ದಿವಾನ್ ವಿಶ್ವೇಶ್ವರಯ್ಯ ಹುದ್ದೆ ಬಿಟ್ಟಿದ್ದರು. ಸಮಾನತೆಯ ಬಗ್ಗೆ ಇಲ್ಲಿ ನಲವತ್ತು ವರ್ಷ ನಡೆದಿದ್ದ ವಾದ-ವಿವಾದ ತರಗತಿಗೆ ಬರದಿದ್ದರೆ, ಮೀಸಲಾತಿ ಯಾರೋ ರಾಜಕಾರಣಿಯ ಔದಾರ್ಯ, ಮಿತಿ ಮಾತ್ರ ಕಾನೂನು ಎಂಬ ಭಾವನೆ ಬೆಳೆಯುತ್ತದೆ. ಸಮಿತಿಯ ಅಧ್ಯಕ್ಷರೇ ಇಂಗ್ಲಿಷಿನವರಾಗಿದ್ದರು ಎಂಬುದನ್ನೂ ಗಮನಿಸಬೇಕು. ಯಾರು ಪರಕೀಯ, ಯಾರು ಸ್ವಕೀಯ ಎಂಬ ಲೆಕ್ಕ ಅಷ್ಟು ಸರಳವಲ್ಲ.

ಎರಡನೆಯದು ಇನ್ನೂ ಹತ್ತಿರದ್ದು. ತುಮಕೂರು, ಗುಬ್ಬಿ, ಕುಣಿಗಲ್ ಈ ಮೂರು ತಾಲ್ಲೂಕುಗಳೂ ತುಮಕೂರು ಉಪವಿಭಾಗಾಧಿಕಾರಿಯ ವ್ಯಾಪ್ತಿಗೆ ಸೇರಿದವು. ಜನರ ಬಾಯಲ್ಲಿ ಅದು ಎ.ಸಿ. ಕೋರ್ಟು. ಅಲ್ಲಿ ನಡೆಯುವ ವಿಚಾರಣೆಗಳಲ್ಲಿ ‘ಪಿ.ಟಿ.ಸಿ.ಎಲ್.’ ಎಂಬ ಬಗೆಯೊಂದಿದೆ. ದೇವರಾಜ ಅರಸರ ಸರ್ಕಾರ ತಂದ, 1979ರ ಜನವರಿ 1ರಿಂದ ಜಾರಿಯಾದ ಕಾಯ್ದೆ ಅದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮೀರಿ ಪರಭಾರೆ ಮಾಡಿದ್ದರೆ ಅಂಥ ಕ್ರಯ ಶೂನ್ಯ. ಕ್ರಯ ಕಾಯ್ದೆಗೆ ಮೊದಲೇ ನಡೆದಿದ್ದರೂ ಅಷ್ಟೆ. ಉಪವಿಭಾಗಾಧಿಕಾರಿ ಜಮೀನನ್ನು ಬಿಡಿಸಿ ಮೂಲ ಮಂಜೂರಾತಿದಾರನಿಗೆ ಅಥವಾ ವಾರಸುದಾರರಿಗೆ ಕೊಡಬೇಕು. ಕಾಯ್ದೆ ಜಾರಿಯಾದ ಮೇಲಂತೂ ಸರ್ಕಾರದ ಪೂರ್ವಾನುಮತಿಯಿಲ್ಲದೆ ಮಾರುವಂತೆಯೇ ಇಲ್ಲ. ತೋಟಿ, ತಳವಾರಿಕೆ, ನೀರುಗಂಟಿ ಕೆಲಸಕ್ಕೆ ಬಿಟ್ಟ ಇನಾಂತಿ ಜಮೀನಿನ ಕತೆ ಬೇರೆ, ಅದಕ್ಕೆ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಉಂಟು. ಹಳ್ಳಿಯಲ್ಲಿ ಎರಡನ್ನೂ ಕಲಸಿ ಮಾತಾಡುವುದು ವಾಡಿಕೆ.

ಒಂದು ಪ್ರಕರಣ ಕಲ್ಪಿಸಿಕೊಳ್ಳಿ. ಕುಣಿಗಲ್ ತಾಲ್ಲೂಕಿನ ಒಬ್ಬ ದಲಿತ ಕೂಲಿಗಾರನಿಗೆ ದರಖಾಸ್ತಿನಲ್ಲಿ ಎರಡು ಎಕರೆ ಮಂಜೂರಾಯಿತು. ಸಾಗುವಳಿ ಚೀಟಿಯಲ್ಲಿ ಮಾರಬಾರದೆಂಬ ಷರತ್ತು ಬರೆದಿದೆ. ಅವನಿಗೆ ಓದು ಬಾರದು. ಮಗಳ ಮದುವೆಗೋ ಕಾಯಿಲೆಗೋ ಸಾಲ ಮಾಡಿದ, ತೀರಿಸಲಾಗದೆ ಹೆಬ್ಬೆಟ್ಟು ಒತ್ತಿದ. ಜಮೀನು ಸಾಲ ಕೊಟ್ಟವನ ಹೆಸರಿಗೆ ಹೋಯಿತು. ಆಮೇಲೆ ಇನ್ನೊಬ್ಬನ ಹೆಸರಿಗೆ. ಹೆದ್ದಾರಿ ಅಗಲವಾಯಿತು, ಬೆಂಗಳೂರು ಹತ್ತಿರ ಬಂತು, ಎಕರೆಯ ಬೆಲೆ ಲಕ್ಷದಿಂದ ಕೋಟಿಯ ಕಡೆಗೆ ನಡೆಯಿತು. ಕಾಲೇಜಿಗೆ ಹೋದ ಮೊಮ್ಮಗ ತಗಡಿನ ಪೆಟ್ಟಿಗೆಯಲ್ಲಿದ್ದ ಚೀಟಿಯನ್ನು ಓದಿ ಎ.ಸಿ. ಕೋರ್ಟಿಗೆ ಅರ್ಜಿ ಹಾಕಿದ. ಎದುರು ವಕೀಲರು ಎದ್ದು ಹೇಳುವ ಮೊದಲ ಮಾತು: ಇಪ್ಪತ್ತೈದು ವರ್ಷ ಎಲ್ಲಿ ಮಲಗಿದ್ದಿರಿ?

ಈ ಮಾತಿನ ಹಿಂದೆ ಒಂದು ಪರಂಪರೆಯಿದೆ. ವಿಳಂಬ ಮಾಡಿದವರಿಗೆ ನ್ಯಾಯಪೀಠ ನೆರವಾಗದು ಎಂಬುದು ಇಂಗ್ಲೆಂಡಿನ ಚಾನ್ಸರಿ ನ್ಯಾಯಾಲಯದ ಸೂತ್ರ. ಕಾನೂನು ಪದವಿಯಲ್ಲಿ ಅದನ್ನು ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂಬಂತೆ ಕಲಿಸುತ್ತಾರೆ. ಬ್ರಿಟಿಷ್ ಭಾರತಕ್ಕೆ ಮೊದಲ ಕಾಲಮಿತಿ ಕಾಯ್ದೆ ಬಂದದ್ದು 1859ರಲ್ಲಿ. ಈಗ ಇರುವುದು 1963ರದ್ದು. ಹಳೆಯ ವ್ಯಾಜ್ಯಗಳು ಎಂದಾದರೊಮ್ಮೆ ಮುಗಿಯಬೇಕು, ಸಾಕ್ಷಿಗಳು ಸಾಯುತ್ತಾರೆ, ಕಾಗದ ಗೆದ್ದಲು ಹಿಡಿಯುತ್ತದೆ ಎಂಬ ವಾದದಲ್ಲಿ ಹುರುಳಿದೆ. ಆದರೆ ಆ ಸೂತ್ರ ಒಂದು ಬಗೆಯ ಮನುಷ್ಯನನ್ನು ಊಹಿಸಿಕೊಂಡಿದೆ. ತನ್ನ ಹಕ್ಕು ಏನೆಂದು ಅವನಿಗೆ ಗೊತ್ತು, ಓದು ಬರಹ ಬಲ್ಲ, ಕೋರ್ಟಿನ ಮೆಟ್ಟಿಲು ಹತ್ತಲು ಹೆದರುವುದಿಲ್ಲ, ಎದುರಾಳಿಯ ಹೊಲದಲ್ಲಿ ನಾಳೆ ಕೂಲಿಗೆ ಹೋಗಬೇಕಾದ ಹಂಗು ಅವನಿಗಿಲ್ಲ. ಇಷ್ಟೆಲ್ಲ ಇದ್ದೂ ಸುಮ್ಮನಿದ್ದವನನ್ನು ‘ಮಲಗಿದ್ದವನು’ ಎನ್ನಬಹುದು. ಊರಿನ ಬಾವಿಯಲ್ಲಿ ನೀರು ಸೇದಲು ಬಿಡದ ಕಾಲದಲ್ಲಿ, ಊರಿನ ಗೌಡರ ಮೇಲೆ ದಾವೆ ಹೂಡದವನನ್ನು ಏನೆನ್ನಬೇಕು? ತರಗತಿಯಲ್ಲಿ ಮೊದಲು ಕೇಳಬೇಕಾದದ್ದು ಇದು.

ಕೋರ್ಟುಗಳು ಇದನ್ನು ಯೋಚಿಸಿಲ್ಲವೆಂದಲ್ಲ. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪಿ.ಟಿ.ಸಿ.ಎಲ್. ಕಾಯ್ದೆಯನ್ನು ಎತ್ತಿಹಿಡಿಯಿತು. ಬಡವರ ಅಸಹಾಯಕತೆಯನ್ನು ಉಳ್ಳವರು ಬಳಸಿಕೊಂಡರೆಂಬುದನ್ನು ಅದು ಗುರುತಿಸಿತು. ಜೊತೆಗೆ, ಕಾಯ್ದೆ ಬರುವ ಮೊದಲೇ ದೀರ್ಘ ಸ್ವಾಧೀನದಿಂದ ಕೊಂಡವನ ಹಕ್ಕು ಗಟ್ಟಿಯಾಗಿದ್ದರೆ ಅದನ್ನು ಮುಟ್ಟುವಂತಿಲ್ಲ ಎಂದೂ ಹೇಳಿತು. ಅರ್ಜಿಗೆ ಇಂತಿಷ್ಟೇ ದಿನ ಎಂಬ ಗಡುವು ಕಾಯ್ದೆಯಲ್ಲಿ ಇರಲಿಲ್ಲ. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಅದೇ ನ್ಯಾಯಾಲಯ ಗಡುವಿಲ್ಲದಿದ್ದರೂ ‘ಸಮಂಜಸ ಕಾಲ’ದೊಳಗೆ ಬರಬೇಕು ಎಂದಿತು, ಇಪ್ಪತ್ತು ವರ್ಷಕ್ಕೂ ಮೀರಿದ ವಿಳಂಬವನ್ನು ಒಪ್ಪಲಿಲ್ಲ. ಅದಾದ ಮೇಲೆ ರಾಜ್ಯದ ಉದ್ದಗಲಕ್ಕೂ ಅರ್ಜಿಗಳು ವಿಳಂಬದ ಕಾರಣಕ್ಕೆ ಬೀಳತೊಡಗಿದವು. ದಲಿತ ಸಂಘಟನೆಗಳು ಧರಣಿ ಕೂತವು. 2023ರ ಜುಲೈನಲ್ಲಿ ವಿಧಾನಮಂಡಲ ತಿದ್ದುಪಡಿ ತಂದು, ಇಂಥ ಅರ್ಜಿಗೆ ಕಾಲಮಿತಿಯಿಲ್ಲ ಎಂದು ಬರೆಯಿತು. ಕತೆ ಅಲ್ಲಿಗೂ ಮುಗಿಯಲಿಲ್ಲ. ಕಾಲಮಿತಿ ಬೇರೆ, ಅತಿವಿಳಂಬ ಬೇರೆ, ತಿದ್ದುಪಡಿ ಎರಡನೆಯದನ್ನು ಅಳಿಸಿಲ್ಲ ಎಂದು 2024ರಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ ಹೇಳಿತು. ಶಾಸಕರು ಮುಂಬಾಗಿಲಿನಿಂದ ಕಳಿಸಿದ ಚಾನ್ಸರಿ ಸೂತ್ರ ಹಿತ್ತಿಲ ಬಾಗಿಲಿನಿಂದ ಒಳಬಂತೆಂದು ಒಬ್ಬರು ವಾದಿಸಬಹುದು. ಕೊಂಡವನಿಗೂ ಒಂದು ದಿನ ನೆಮ್ಮದಿ ಬೇಡವೆ ಎಂದು ಇನ್ನೊಬ್ಬರು ಕೇಳಬಹುದು.

ಎರಡನೆಯ ಪ್ರಶ್ನೆಯನ್ನು ಹಗುರಾಗಿ ತೆಗೆದುಕೊಳ್ಳುವಂತಿಲ್ಲ. ಈಗ ಜಮೀನಿನಲ್ಲಿರುವವನು ಮೂರನೆಯ ಕೈಯೋ ನಾಲ್ಕನೆಯ ಕೈಯೋ ಆಗಿರುತ್ತಾನೆ. ಬ್ಯಾಂಕ್ ಸಾಲ ಮಾಡಿ ಕೊಳವೆಬಾವಿ ತೋಡಿ ತೆಂಗು, ಅಡಿಕೆ ಬೆಳೆಸಿದ ಸಣ್ಣ ರೈತನೂ ಆಗಿರಬಹುದು. ಇನ್ನೊಂದು ಕಡೆ, ಜಮೀನು ಮರಳಿ ಬಂದ ಮರುದಿನವೇ ರಿಯಲ್ ಎಸ್ಟೇಟ್ ದಲ್ಲಾಳಿ ವಾರಸುದಾರನ ಮನೆ ಬಾಗಿಲಲ್ಲಿ ನಿಲ್ಲುವುದೂ ಉಂಟು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಆರಂಭವಾದ ಮೇಲೆ, ಸುತ್ತಲ ನೆಲದ ಮೇಲೆ ಎಲ್ಲರ ಕಣ್ಣು. ಇಂಥ ಸಂಕಟಗಳನ್ನೆಲ್ಲ ಮುಚ್ಚಿಟ್ಟು ಬರೀ ಘೋಷಣೆ ಕೂಗಿಸುವುದು ಶಿಕ್ಷಣವಲ್ಲ. ಅದನ್ನು ಮಾಡಲು ರಾಜಕೀಯ ಪಕ್ಷಗಳಿವೆ.

ಇಲ್ಲಿ ದಕ್ಷಿಣ ಆಫ್ರಿಕದ ನೆಲದ ಕತೆ ಮತ್ತೆ ಕೆಲಸಕ್ಕೆ ಬರುತ್ತದೆ. 1913ರ ನೇಟಿವ್ಸ್ ಲ್ಯಾಂಡ್ ಕಾಯ್ದೆ ಕಪ್ಪು ಜನರನ್ನು ದೇಶದ ಒಂದು ಚೂರು ನೆಲಕ್ಕೆ ನೂಕಿತು. ವರ್ಣಭೇದ ನೀತಿ ಕೊನೆಗೊಂಡ 1994ರಲ್ಲಿ ನೆಲ ಮರಳಿಸುವ ಕಾಯ್ದೆ ಬಂತು. 1913ರ ಜೂನ್ 19ರ ಅನಂತರ ಭೂಮಿ ಕಳೆದುಕೊಂಡವರು ಕೇಳಬಹುದು, ಆದರೆ 1998ರ ಡಿಸೆಂಬರ್ 31ರೊಳಗೆ. ಎಂಬತ್ತು ವರ್ಷದ ನಷ್ಟಕ್ಕೆ ಕೆಲವೇ ವರ್ಷಗಳ ಗಡುವು. ಸುದ್ದಿ ತಲುಪದವರು, ದಾಖಲೆ ಇಲ್ಲದವರು ಹೊರಗುಳಿದರು. 2014ರಲ್ಲಿ ಸಂಸತ್ತು ಬಾಗಿಲನ್ನು 2019ರವರೆಗೆ ಮತ್ತೆ ತೆರೆಯಿತು. ಸಾರ್ವಜನಿಕರನ್ನು ಸರಿಯಾಗಿ ಕೇಳಲಿಲ್ಲವೆಂಬ ಕಾರಣಕ್ಕೆ 2016ರಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯ ಆ ತಿದ್ದುಪಡಿಯನ್ನು ರದ್ದು ಮಾಡಿತು. ಕುಣಿಗಲ್ಲಿನ ಮೊಮ್ಮಗನ ಅರ್ಜಿಯನ್ನೂ ಇದನ್ನೂ ಜೊತೆಗಿಟ್ಟು ಓದಿದ ವಿದ್ಯಾರ್ಥಿಗೆ, ಕಾಲವನ್ನು ಯಾವ ದಿನದಿಂದ ಎಣಿಸಬೇಕು ಎಂಬುದೇ ಕಾನೂನಿನ ಪ್ರಶ್ನೆ ಎಂದು ಹೊಳೆಯುತ್ತದೆ. ಹೆಬ್ಬೆಟ್ಟು ಒತ್ತಿದ ದಿನದಿಂದಲೋ, ಚೀಟಿಯನ್ನು ಓದಬಲ್ಲವನು ಮನೆಯಲ್ಲಿ ಹುಟ್ಟಿದ ದಿನದಿಂದಲೋ?

ಮೂರನೆಯ ಉದಾಹರಣೆ ಗೊಲ್ಲರಹಟ್ಟಿಯದು. ಜಿಲ್ಲೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದ ಹೆಂಗಸರನ್ನು, ಬಾಣಂತಿಯರನ್ನು ಹಟ್ಟಿಯ ಹೊರಗಿಡುವ ರೂಢಿ ಎಲ್ಲರಿಗೂ ಗೊತ್ತು. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಹಟ್ಟಿಯೊಂದರ ಹೊರಗೆ ಗುಡಿಸಲಿನಲ್ಲಿದ್ದ ಬಾಣಂತಿಯ ಹಸುಗೂಸು ತೀರಿಕೊಂಡಿತು. ಅದೇ ವರ್ಷ ಗುಬ್ಬಿ ತಾಲ್ಲೂಕಿನ ಇನ್ನೊಂದು ಹಟ್ಟಿಗೆ ನ್ಯಾಯಾಧೀಶರೇ ಹೋಗಿ ಬಾಣಂತಿಯನ್ನು ಮನೆಗೆ ಸೇರಿಸಿದರು. 2020ರಲ್ಲಿ ಜಾರಿಗೆ ಬಂದ ಅಮಾನವೀಯ ದುಷ್ಟ ಪದ್ಧತಿಗಳ ನಿಷೇಧ ಕಾಯ್ದೆ ಇಂಥ ಬೇರ್ಪಡಿಕೆಯನ್ನು ಅಪರಾಧವೆಂದು ಹೇಳುತ್ತದೆ. ಮಗು ಸತ್ತಿರುವಾಗ ರೂಢಿಯ ಪರ ವಾದಿಸಲು ಜಾಗವಿಲ್ಲ.

ಆದರೆ ಕಡತದ ಇನ್ನೊಂದು ಹಾಳೆಯನ್ನೂ ತಿರುವಬೇಕು. ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ಕಾಡುಗೊಲ್ಲರು ಬಹುಕಾಲದಿಂದ ಕೇಳುತ್ತಿದ್ದಾರೆ. ಬುಡಕಟ್ಟು ಯಾವುದು ಎಂದು ಅಳೆಯಲು ಸರ್ಕಾರ ಬಳಸುವುದು 1965ರ ಲೋಕೂರ್ ಸಮಿತಿಯ ಮಾನದಂಡ. ಆದಿಮ ಲಕ್ಷಣ, ವಿಶಿಷ್ಟ ಸಂಸ್ಕೃತಿ, ದೂರದ ವಾಸ, ಹೊರಗಿನವರೊಡನೆ ಬೆರೆಯುವ ಸಂಕೋಚ, ಹಿಂದುಳಿದಿರುವಿಕೆ. ಥರ್ಸ್ಟನ್ನನಂಥ ಆಂಗ್ಲ ಅಧಿಕಾರಿಗಳು ಕುಲಶಾಸ್ತ್ರದ ಸಂಪುಟಗಳಲ್ಲಿ ಬಳಸಿದ ಕಣ್ಣು ಇನ್ನೂ ಅದರಲ್ಲಿದೆ. ಹೀಗಾಗಿ ಅದೇ ಗುಡಿಸಲು ಮ್ಯಾಜಿಸ್ಟ್ರೇಟರ ಮುಂದೆ ಅಪರಾಧ, ಕುಲಶಾಸ್ತ್ರ ಅಧ್ಯಯನದವರ ಮುಂದೆ ಅರ್ಹತೆಯ ಸಾಕ್ಷ್ಯ. ಸರ್ಕಾರ ಒಂದು ಕೈಯಿಂದ ಬಿಡು ಎನ್ನುತ್ತದೆ, ಇನ್ನೊಂದು ಕೈಯಿಂದ ತೋರಿಸು ಎನ್ನುತ್ತದೆ. ಹಟ್ಟಿಯ ಹೆಣ್ಣುಮಕ್ಕಳು ಈ ಎರಡರ ನಡುವೆ ಸಿಕ್ಕಿದ್ದಾರೆ. ಅವರನ್ನು ಮಾತ್ರ ಎರಡೂ ಕಡತದವರು ಕೇಳಿದ್ದು ಕಡಿಮೆ. ಕಾನೂನು ಕಾಲೇಜಿನ ಒಂದು ಇಡೀ ಅವಧಿಗೆ ಇದೊಂದೇ ವಿಷಯ ಸಾಕು.

ಇನ್ನು ಭಾಷೆ. ಈ ಭಾಗದ ಕಾನೂನು ಕಾಲೇಜುಗಳು 2009ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯಲ್ಲಿವೆ. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಪುಸ್ತಕವೇ ಸಾಲದು ಎಂಬುದು ವಿದ್ಯಾರ್ಥಿಗಳ ಹಳೆಯ ದೂರು. ಕನ್ನಡದಲ್ಲಿ ಕಾನೂನು ಬರೆಯುವುದು ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾಲಯದ ಮೊದಲ ಕುಲಪತಿ, ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷ, ಸ್ವತಃ ನ್ಯಾಯಾಧೀಶರಾಗಿದ್ದ ಎಚ್.ವಿ. ನಂಜುಂಡಯ್ಯನವರು ಶತಮಾನಕ್ಕೂ ಹಿಂದೆಯೇ ‘ವ್ಯವಹಾರ ದೀಪಿಕೆ’ ಬರೆದಿದ್ದರು. ಮೈಸೂರಿನ ಜಾತಿ-ಬುಡಕಟ್ಟುಗಳ ದೊಡ್ಡ ಸಂಪುಟಗಳಿಗೂ ಅವರ ಹೆಸರಿದೆ. ಒಂದೇ ಕೈ ಕನ್ನಡದಲ್ಲಿ ಕಾನೂನನ್ನು ಬಿಡಿಸಿಟ್ಟಿತು, ಇಂಗ್ಲಿಷಿನಲ್ಲಿ ಜನರನ್ನು ವಿಂಗಡಿಸಿಟ್ಟಿತು. ಇವರನ್ನು ಸಾರಾಸಗಟಾಗಿ ಹೊಗಳುವುದೂ ತೆಗಳುವುದೂ ಸುಲಭ. ಎರಡನ್ನೂ ಓದುವುದು ಕಷ್ಟ.

ಕನ್ನಡ ಬೇಕಾಗಿರುವುದು ಅಭಿಮಾನಕ್ಕಲ್ಲ. ಎ.ಸಿ. ಕೋರ್ಟಿನ ಕಡತ ಕನ್ನಡದಲ್ಲಿದೆ. ಸಾಗುವಳಿ ಚೀಟಿ, ಪಹಣಿ, ಮಹಜರು, ಹಳೆಯ ಶೇಕದಾರರ ವರದಿ ಎಲ್ಲವೂ ಕನ್ನಡ. ಅದೇ ಪ್ರಕರಣ ಮೇಲೇರಿ ಹೈಕೋರ್ಟಿಗೆ ಹೋದ ಕೂಡಲೇ ಇಂಗ್ಲಿಷಾಗುತ್ತದೆ. ಅಜ್ಜ ‘ಕೈಸಾಲಕ್ಕೆ ಬರೆಸಿಕೊಂಡರು’ ಎಂದದ್ದು ಅನುವಾದದಲ್ಲಿ ಸ್ವಇಚ್ಛೆಯ ಕ್ರಯವಾಗಿ ಬಿಡಬಹುದು. ಇದನ್ನು ಗುರುತಿಸಬಲ್ಲವನು ಎರಡೂ ಭಾಷೆ ಬಲ್ಲ, ಹಳ್ಳಿಯ ಮಾತಿನ ಅರ್ಥ ಬಲ್ಲ ವಿದ್ಯಾರ್ಥಿ. ಅಂಥವರು ಈ ಜಿಲ್ಲೆಯ ಕಾಲೇಜುಗಳಲ್ಲೇ ಹೆಚ್ಚು, ಬೆಂಗಳೂರಿನ ಹೆಸರಾಂತ ಸಂಸ್ಥೆಗಳಲ್ಲಿ ಕಡಿಮೆ. ಆದರೆ ಅವರಿಗೆ ಇದು ಕೊರತೆ ಎಂದೇ ಇದುವರೆಗೆ ಹೇಳಿಕೊಡಲಾಗಿದೆ.

ಇದಕ್ಕೆ ಹೊಸ ಪಠ್ಯಕ್ರಮ ಬರಲಿ ಎಂದು ಕಾಯಬೇಕಿಲ್ಲ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳಲ್ಲೇ ಪ್ರಾಯೋಗಿಕ ಪತ್ರಿಕೆಗಳು ಕಡ್ಡಾಯ. ಕೋರ್ಟು ಕಲಾಪ ನೋಡಿ ದಿನಚರಿ ಬರೆಯುವ ಕೆಲಸವೂ ಅದರಲ್ಲಿ ಸೇರಿದೆ. ಈ ದಿನಚರಿಯನ್ನು ವಿದ್ಯಾರ್ಥಿಗಳು ಒಬ್ಬರದನ್ನು ಇನ್ನೊಬ್ಬರು ನಕಲು ಮಾಡಿ ಒಪ್ಪಿಸುತ್ತಾರೆಂಬುದು ಗುಟ್ಟೇನಲ್ಲ. ಅದರ ಬದಲು ಎಂಟು ಹತ್ತು ಮಂದಿಯ ತಂಡ ಒಂದು ಪಿ.ಟಿ.ಸಿ.ಎಲ್. ಪ್ರಕರಣವನ್ನು ಹಿಡಿದು, ಮಂಜೂರಾತಿಯಿಂದ ಇವತ್ತಿನ ವಾಯಿದೆಯವರೆಗೆ ಪ್ರತಿ ಕಾಗದದ ದಿನಾಂಕವನ್ನೂ ಬರೆದುಕೊಂಡು ಬರಲಿ. ಪಕ್ಕದ ಅಂಕಣದಲ್ಲಿ ಆ ದಿನ ಆ ಮನೆಯಲ್ಲಿ ಓದು ಬರುತ್ತಿದ್ದವರು ಎಷ್ಟು ಜನ, ಅವರು ಯಾರ ಹೊಲದಲ್ಲಿ ಕೂಲಿ ಮಾಡುತ್ತಿದ್ದರು ಎಂಬುದನ್ನು ಕೇಳಿ ತುಂಬಲಿ. ಕೊಂಡ ರೈತನ ಮನೆಗೂ ಹೋಗಿ ಅವನ ಲೆಕ್ಕವನ್ನೂ ಬರೆದುಕೊಳ್ಳಲಿ. ಆಮೇಲೆ ‘ಸಮಂಜಸ ಕಾಲ’ ಎಂದರೆ ಎಷ್ಟು ಎಂಬ ಚರ್ಚೆ ತರಗತಿಯಲ್ಲಿ ನಡೆಯಲಿ.